ಮೋಶೆ ಎಂಬ ಹೆಸರು: ವ್ಯುತ್ಪತ್ತಿಯ ಚರ್ಚೆ ನಡೆದುಬಂದ ದಾರಿ

ಮೋಶೆಯ ಹೆಸರಿಗೆ ಬೈಬಲೇ ಒಂದು ವ್ಯುತ್ಪತ್ತಿಯನ್ನು ಕೊಟ್ಟಿದೆ. ನೀರಿನಿಂದ ಎಳೆದುಕೊಂಡದ್ದಕ್ಕಾಗಿ ಫರೋಹನ ಮಗಳು ಮಗುವಿಗೆ ಆ ಹೆಸರಿಟ್ಟಳೆಂದು ವಿಮೋಚನಕಾಂಡ 2:10 ಹೇಳುತ್ತದೆ. ಹೀಬ್ರೂವಿನಲ್ಲಿ ‘ಮಾಶಾ’ ಎಂದರೆ ಹೊರಗೆ ಎಳೆ. ಆದರೆ ‘ಮೋಶೆ’ ಎಂಬುದು ಕರ್ತರಿ ರೂಪ. ಅದರ ಅರ್ಥ ಎಳೆಯುವವನು ಎಂದೇ ಹೊರತು ಎಳೆಯಲ್ಪಟ್ಟವನು ಎಂದಲ್ಲ. ಈಜಿಪ್ಟಿನ ರಾಜಕುಮಾರಿಗೆ ಹೀಬ್ರೂ ಎಲ್ಲಿಂದ ಬಂತು ಎಂಬುದು ಇನ್ನೊಂದು ತೊಡಕು.

ಒಂದನೆಯ ಶತಮಾನದ ಫೈಲೋ ಮತ್ತು ಜೋಸೆಫಸ್ ಇಬ್ಬರೂ ಗ್ರೀಕ್ ರೂಪವನ್ನು ಹಿಡಿದು, ನೀರು ಎಂಬರ್ಥದ ಈಜಿಪ್ಟ್ ಪದವನ್ನು ಅದರಲ್ಲಿ ಕಂಡರು. ಮೂಲ ಹೆಸರು ಈಜಿಪ್ಟಿನದು, ಹೀಬ್ರೂ ಹೆಸರು ಅದರ ಅನುವಾದ ಎಂದು ಹನ್ನೆರಡನೆಯ ಶತಮಾನದ ಇಬ್ನ್ ಎಜ್ರಾ ಸೂಚಿಸಿದ.

ಶಾಂಪೋಲಿಯೋ 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಿದ ಮೇಲೆ ಚರ್ಚೆಯ ನೆಲೆಯೇ ಬದಲಾಯಿತು. ಥುತ್ಮೋಸ್, ಅಹ್ಮೋಸ್ ಮುಂತಾದ ಹೆಸರುಗಳ ಕೊನೆಯಲ್ಲಿ ಬರುವ, ಹುಟ್ಟು ಅಥವಾ ಮಗು ಎಂಬರ್ಥದ ‘ಮ್ಸ್’ ಧಾತು ವಿದ್ವಾಂಸರ ಗಮನ ಸೆಳೆಯಿತು. ದೇವರ ಹೆಸರು ಉದುರಿ ಈ ಭಾಗವಷ್ಟೇ ಉಳಿದಿರಬೇಕೆಂಬ ಈಜಿಪ್ಟ್ ವಿದ್ವಾಂಸ ಬ್ರೆಸ್ಟೆಡ್‌ನ ನಿಲುವನ್ನು ಫ್ರಾಯ್ಡ್ 1939ರಲ್ಲಿ ಇನ್ನೂ ಮುಂದಕ್ಕೆ ಒಯ್ದು, ಮೋಶೆಯೇ ಈಜಿಪ್ಟಿನವನೆಂದ. ಇಂದಿಗೂ ಜನಪ್ರಿಯವಾಗಿರುವ ಈ ವಾದ ದುರ್ಬಲವಾದದ್ದು. ಮೋಶೆಯ ಅಣ್ಣ ಆರೋನನ ಮೊಮ್ಮಗ ಫೀನೆಹಾಸನದೂ ಈಜಿಪ್ಟ್ ಹೆಸರೇ; ಅಷ್ಟಕ್ಕೇ ಅವನನ್ನು ಯಾರೂ ಈಜಿಪ್ಟಿನವನೆಂದು ಕರೆದಿಲ್ಲ.

ಹೆಸರಿನ ಈಜಿಪ್ಟ್ ಮೂಲಕ್ಕೇ ಇರುವ ಧ್ವನಿಶಾಸ್ತ್ರದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಈಜಿಪ್ಟಿನ ಸಕಾರ ಹೀಬ್ರೂವಿನಲ್ಲಿ ಸಾಮಾನ್ಯವಾಗಿ ಸಕಾರವಾಗಿಯೇ ಉಳಿಯುತ್ತದೆ. ರಮ್ಸೇಸ್, ಫೀನೆಹಾಸ ಇದಕ್ಕೆ ಸಾಕ್ಷಿ. ಮೋಶೆಯಲ್ಲಿ ಮಾತ್ರ ಶಕಾರವಿದೆ. ಕನ್ನಡ ಬೈಬಲು ಹೀಬ್ರೂ ರೂಪವನ್ನೇ ಉಳಿಸಿಕೊಂಡಿರುವುದರಿಂದ ಈ ವ್ಯತ್ಯಾಸ ಕನ್ನಡ ಓದುಗರ ಕಿವಿಗೂ ಬೀಳುತ್ತದೆ. ವಿದ್ವಾಂಸ ಗ್ರಿಫಿತ್ಸ್ 1953ರಲ್ಲಿ ಈ ಆಕ್ಷೇಪವನ್ನು ಎದುರಿಸಿ ಈಜಿಪ್ಟ್ ಮೂಲವನ್ನು ಸಮರ್ಥಿಸಿದರು. ಇನ್ನೊಬ್ಬ ವಿದ್ವಾಂಸ ಕಿಚನ್ ಅದನ್ನು ಒಪ್ಪದೆ ಸೆಮಿಟಿಕ್ ಮೂಲದ ಕಡೆಗೇ ವಾಲಿದರು.

ಹೆಚ್ಚು ಫಲ ಕೊಟ್ಟದ್ದು ಇಪ್ಪತ್ತನೆಯ ಶತಮಾನದ ನಡುವೆ ಬೆಳೆದ ಸಾಹಿತ್ಯಿಕ ಓದು. ಹಿಂದಿನ ಭಾಷಾವಿದರು ಬೈಬಲಿನ ವಿವರಣೆಯನ್ನು ಜನಪದರ ತಪ್ಪು ವ್ಯುತ್ಪತ್ತಿಯೆಂದು ಬದಿಗೆ ಸರಿಸಿದ್ದರು. ಬೈಬಲ್ ವ್ಯಾಖ್ಯಾನಕಾರರಾದ ಬೂಬರ್ ಮತ್ತು ಕಸ್ಸೂತೊ ಆ ‘ತಪ್ಪಿ’ನಲ್ಲೇ ಕಥನದ ಉದ್ದೇಶವನ್ನು ಗುರುತಿಸಿದರು. ನೀರಿನಿಂದ ಎಳೆಯಲ್ಪಟ್ಟ ಕೂಸು ಮುಂದೆ ತನ್ನ ಜನರನ್ನು ದಾಸ್ಯದಿಂದ ಎಳೆದು ತರುವವನು; ಕರ್ತರಿ ರೂಪ ಅದನ್ನು ಮೊದಲೇ ಸೂಚಿಸುತ್ತದೆ. ಯೆಶಾಯ 63:11ರಲ್ಲಿ ಸಮುದ್ರದಿಂದ ಜನರನ್ನು ಮೇಲಕ್ಕೆ ತಂದವನ ನೆನಪಿನ ಜೊತೆಗೇ ಈ ಹೆಸರು ಬರುತ್ತದೆ. ‘ಮಾಶಾ’ ಕ್ರಿಯಾಪದ ಇನ್ನೊಮ್ಮೆ ಕಾಣುವುದು ಸಮುವೇಲನ ಎರಡನೆಯ ಗ್ರಂಥದ 22ನೆಯ ಅಧ್ಯಾಯದಲ್ಲೂ ಅದೇ ಹಾಡಿರುವ 18ನೆಯ ಕೀರ್ತನೆಯಲ್ಲೂ. ಅಲ್ಲಿಯೂ ದೇವರು ಎಳೆದುಕೊಳ್ಳುವುದು ಮಹಾಜಲದಿಂದಲೇ. ಹೆಸರಿನ ಮೂಲ ಈಜಿಪ್ಟಿನದೇ ಆಗಿದ್ದರೂ ಈ ಓದಿಗೆ ಧಕ್ಕೆಯಿಲ್ಲ.

ಇಷ್ಟೆಲ್ಲ ಚರ್ಚೆಯಲ್ಲಿ ಮೋಶೆಯ ಹೆಸರನ್ನು ಬಹುತೇಕ ಒಂಟಿಯಾಗಿಯೇ ನೋಡಲಾಗಿದೆ. ಫೀನೆಹಾಸ, ಹೊಫ್ನಿ, ಮೆರಾರೀ ಹೀಗೆ ಈಜಿಪ್ಟ್ ಛಾಯೆಯ ಹೆಸರುಗಳು ಮೋಶೆಯ ಕುಲವಾದ ಲೇವಿಯರಲ್ಲೇ ಗುಂಪಾಗಿ ಸಿಗುತ್ತವೆ. ವ್ಯಕ್ತಿಯ ಹುಟ್ಟನ್ನು ಅವನೊಬ್ಬನ ಹೆಸರಿನಿಂದ ಊಹಿಸುವುದಕ್ಕಿಂತ, ಆ ಕುಲಕ್ಕೂ ಈಜಿಪ್ಟಿಗೂ ಇದ್ದ ನಂಟನ್ನು ಈ ಹೆಸರುಗಳ ಗುಂಪಿನಿಂದ ಅರಿಯುವುದು ಹೆಚ್ಚು ಭದ್ರವಾದ ದಾರಿ.