ಬಿಚ್ಚಿದರೆ ಅಂಗಡಿ, ಮಡಚಿದರೆ ಗಾಡಿ: ಮನೆ ಬಾಗಿಲಿಗೆ ಬರುವ ವ್ಯಾಪಾರದ ಕಥೆ

ಶಿರಾಡಿ ಘಾಟಿಯ ನೆತ್ತಿಯ ಮೇಲಿರುವ ಊರು ಮಾರನಹಳ್ಳಿ. ಹಾಸನದಿಂದ ಸಕಲೇಶಪುರ ದಾಟಿ ಬರುವ ಹೆದ್ದಾರಿ ಇಲ್ಲಿಂದ ಅಡ್ಡಹೊಳೆಯ ಕಡೆಗೆ ಇಳಿಯುತ್ತದೆ. ದಿನವಿಡೀ ಲಾರಿ, ಟ್ಯಾಂಕರು, ಬಸ್ಸು ಓಡುತ್ತವೆ. ಅವುಗಳ ನಡುವೆ ಹೆದ್ದಾರಿ ಬಿಟ್ಟು ತೋಟದ ದಾರಿ ಹಿಡಿಯುವ ಸಣ್ಣ ಗಾಡಿಗಳೂ ಇವೆ. ಮೈಕಿನಲ್ಲಿ ಈರುಳ್ಳಿ, ಟೊಮೆಟೊ ರೇಟು ಕೂಗುವ ಗಾಡಿ, ಪ್ಲಾಸ್ಟಿಕ್ ಕೊಡ–ಬಕೆಟ್ ನೇತುಹಾಕಿಕೊಂಡ ಗಾಡಿ, ಹಾರನ್ ಒತ್ತುತ್ತಾ ಬರುವ ಮೀನಿನ ಗಾಡಿ, ನೈಟಿ–ಲುಂಗಿ–ಬೆಡ್‌ಶೀಟಿನ ಗಾಡಿ.

ಈ ಗಾಡಿಗಳನ್ನು ಒಮ್ಮೆ ಸರಿಯಾಗಿ ನೋಡಿ. ಓಡುವಾಗ ಅದು ಒಂದು ಡಬ್ಬಿ. ನಿಂತ ಐದೇ ನಿಮಿಷದಲ್ಲಿ ಪಕ್ಕದ ಹಲಗೆ ಕೆಳಗೆ ಬಿದ್ದು ಮೇಜಾಗುತ್ತದೆ, ಮೇಲಿನ ಹಲಗೆ ಎದ್ದು ಚಪ್ಪರವಾಗುತ್ತದೆ, ಕೊಕ್ಕೆಗಳಿಂದ ಸಾಮಾನು ಇಳಿಬೀಳುತ್ತದೆ. ಸಾಮಾನು ಸಾಗಿಸುವ ವಾಹನವೇ ಸಾಮಾನು ತೋರಿಸುವ ಅಂಗಡಿಯಾಗುತ್ತದೆ. ಇದನ್ನು ಯಾರು ಕಂಡುಹಿಡಿದರು? ಒಬ್ಬರ ಹೆಸರು ಹೇಳಲಿಕ್ಕೆ ಆಗುವುದಿಲ್ಲ. ಆದರೆ ಇದರ ಹಿಂದೆ ಉದ್ದನೆಯ ಇತಿಹಾಸವಿದೆ, ಅದರಲ್ಲಿ ನಮ್ಮ ಸೀಮೆಯ ಪಾಲೂ ಇದೆ.

ಗಂಟು, ಮಲಾರ, ಹೇರು

ಬಿಚ್ಚಿ ಮಡಚುವ ಅಂಗಡಿ ಗಾಲಿಗಿಂತ ಹಳೆಯದು. ಜವಳಿಯವನ ಗಂಟನ್ನೇ ನೋಡಿ. ಹೊತ್ತು ನಡೆಯುವಾಗ ಅದು ಮೂಟೆ. ಜಗಲಿಯ ಮೇಲೆ ಇಳಿಸಿ ಗಂಟು ಬಿಚ್ಚಿದರೆ, ಸುತ್ತಿದ್ದ ಬಟ್ಟೆಯೇ ಹಾಸಾಗಿ, ಅದರ ಮೇಲೆ ಸೀರೆಗಳು ಹರಡಿಕೊಳ್ಳುತ್ತವೆ. ಬಳೆಗಾರನ ಮಲಾರವೂ ಹಾಗೆಯೇ. ಬಳೆಗಳನ್ನು ದಾರಕ್ಕೆ ಪೋಣಿಸಿ ಗೊಂಚಲು ಮಾಡಿ ಹೆಗಲಿಗೆ ಹಾಕಿಕೊಂಡರೆ ಬಳೆ ಒಡೆಯುವುದಿಲ್ಲ; ನಡೆಯುವಾಗಲೇ ಬಣ್ಣವೆಲ್ಲ ಕಾಣುತ್ತದೆ. ಸಾಗಿಸುವುದಕ್ಕೂ ತೋರಿಸುವುದಕ್ಕೂ ಒಂದೇ ಸಾಧನ.

ಕನ್ನಡ ನಾಡಿನ ದೊಡ್ಡ ವರ್ತಕ ಸಂಘ ಅಯ್ಯಾವೊಳೆ ಐನೂರ್ವರದು. ಅವರ ವ್ಯಾಪಾರವನ್ನು ವರ್ಣಿಸುವ ಶಿಕಾರಿಪುರದ ಶಾಸನವೊಂದರಲ್ಲಿ ಆನೆ, ಕುದುರೆ, ರತ್ನ, ಸುಗಂಧದ್ರವ್ಯದ ದೊಡ್ಡ ವಹಿವಾಟಿನ ಜೊತೆಗೆ ಹೆಗಲ ಮೇಲೆ ಹೊತ್ತು ಮಾರುವ ಮಾತೂ ಬರುತ್ತದೆ. ದೊಡ್ಡ ವರ್ತಕರ ಲೆಕ್ಕದಲ್ಲೂ ಹೊತ್ತು ಮಾರುವವನಿಗೆ ಜಾಗವಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಘಟ್ಟದ ದಾರಿಯಲ್ಲಿ ಗಾಡಿಗಿಂತ ಮೊದಲು ನಡೆದದ್ದು ಎತ್ತು. ಎತ್ತಿನ ಬೆನ್ನಿನ ಎರಡೂ ಕಡೆ ಗೋಣಿ ಇಳಿಬಿಟ್ಟು ಸಾಮಾನು ತುಂಬುವುದಕ್ಕೆ ಹೇರುವುದು ಎನ್ನುತ್ತಿದ್ದರು. ಒಂದು ಎತ್ತಿನ ಹೊರೆಗೇ ‘ಹೇರು’ ಎಂಬ ಹೆಸರು ನಿಂತಿತು. ಕರಾವಳಿಯ ಉಪ್ಪು ಮೇಲೆ ಬರುತ್ತಿತ್ತು, ಮಲೆನಾಡಿನ ಮೆಣಸು, ಏಲಕ್ಕಿ ಕೆಳಗೆ ಇಳಿಯುತ್ತಿತ್ತು. ಟಿಪ್ಪು ಸುಲ್ತಾನ್ ಸಕಲೇಶಪುರದ ಹತ್ತಿರ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ್ದು ಈ ಕರಾವಳಿ ದಾರಿಯ ಮೇಲೆ ಕಣ್ಣಿಡುವುದಕ್ಕೆ.

ಹೇರೆತ್ತಿನ ವ್ಯಾಪಾರದಲ್ಲಿ ಲಂಬಾಣಿಗಳನ್ನು ಮೀರಿಸಿದವರಿಲ್ಲ. 1791–92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ಸೈನ್ಯಕ್ಕೆ ಧಾನ್ಯ ತಂದುಕೊಟ್ಟವರು ಎತ್ತುಗಳ ಹಿಂಡು ಹೊಡೆದುಕೊಂಡು ಬಂದ ಈ ಜನ. ಅವರು ಬೀಡು ಬಿಟ್ಟಲ್ಲಿ ಎತ್ತಿನಿಂದ ಇಳಿಸಿದ ಗೋಣಿಗಳನ್ನೇ ಸುತ್ತಲೂ ಪೇರಿಸಿಕೊಳ್ಳುತ್ತಿದ್ದರು. ಹೊರೆಯೇ ಗೋಡೆ, ಅದೇ ಉಗ್ರಾಣ. ಬೆಳಿಗ್ಗೆ ಮತ್ತೆ ಹೇರಿದರೆ ಊರಿಗೆ ಊರೇ ಹೊರಟಂತೆ.

ಗಾಡಿ ಬಂತು, ಸಂತೆ ಬೆಳೆಯಿತು

ಗಾಡಿಗೆ ರಸ್ತೆ ಬೇಕು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಗಾಡಿ ರಸ್ತೆಗಳು, ಘಾಟಿ ರಸ್ತೆಗಳು ಹೆಚ್ಚಾದವು. ಅದೇ ಹೊತ್ತಿಗೆ ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟಗಳು ಎದ್ದವು. ತೋಟ ಬಂದ ಮೇಲೆ ಕೂಲಿ ಲೈನು, ಬಟವಾಡೆ ಬಂತು. ಬಟವಾಡೆಯ ಮಾರನೆಯ ದಿನವೇ ಕೈಯಲ್ಲಿ ಕಾಸಿರುವುದು. ವ್ಯಾಪಾರಿಗೂ ಆ ದಿನವೇ ಬೇಕು.

ಸಂತೆಗೆ ಬಂದ ಎತ್ತಿನ ಗಾಡಿ ಎತ್ತು ಬಿಚ್ಚಿದ ಕೂಡಲೇ ಬೇರೆಯದೇ ಆಗುತ್ತಿತ್ತು. ಮೂಕಿಗೆ ಊರೆ ಕೊಟ್ಟು ನೆಟ್ಟಗೆ ನಿಲ್ಲಿಸಿದರೆ ಗಾಡಿಯ ಹಲಗೆಯೇ ಅಂಗಡಿಯ ಕಟ್ಟೆ, ಕೆಳಗಿನ ನೆರಳು ಮಲಗುವ ಮಕ್ಕಳಿಗೆ. ಇದಕ್ಕೆ ಯಾರೂ ನಕ್ಷೆ ಬರೆದಿರಲಿಲ್ಲ.

ನಕ್ಷೆ ಬರೆದು ಮಾಡಿದ ಗಾಡಿಗಳೂ ಬಂದವು. ಅಮೆರಿಕದಲ್ಲಿ 1866ರಲ್ಲಿ ದನದ ವ್ಯಾಪಾರಿ ಚಾರ್ಲ್ಸ್ ಗುಡ್‌ನೈಟ್ ಸೈನ್ಯದ ಹಳೆಯ ಗಾಡಿಯ ಹಿಂಭಾಗಕ್ಕೆ ಒಂದು ಪೆಟ್ಟಿಗೆ ಕೂರಿಸಿದ. ಅದರ ಬಾಗಿಲನ್ನು ಕೆಳಗೆ ಇಳಿಸಿ ಕಾಲು ಕೊಟ್ಟರೆ ಅಡುಗೆಯ ಮೇಜು. ಒಳಗೆ ಖಾನೆ ಖಾನೆಯಾಗಿ ಕಾಫಿ, ಹಿಟ್ಟು, ಉಪ್ಪು. 1905ರಲ್ಲಿ ಅಲ್ಲಿಯ ಮೇರಿಲ್ಯಾಂಡ್ ರಾಜ್ಯದಲ್ಲಿ ಮೇರಿ ಟಿಟ್‌ಕಂಬ್ ಎಂಬ ಗ್ರಂಥಪಾಲಕಿ ಕುದುರೆ ಗಾಡಿಯ ಹೊರಮೈಗೇ ಪುಸ್ತಕದ ಕಪಾಟು ಮಾಡಿಸಿದರು. ಬಾಗಿಲು ತೆಗೆದರೆ ರೈತನ ಅಂಗಳದಲ್ಲೇ ಲೈಬ್ರರಿ.

ನಮ್ಮ ದೇಶದಲ್ಲಿ ಅಂಥ ಕೆಲಸ ಎತ್ತಿನ ಗಾಡಿಯಲ್ಲಿ ನಡೆಯಿತು. 1931ರ ಅಕ್ಟೋಬರಿನಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಲೈಬ್ರರಿ ಹಳ್ಳಿಗಳಿಗೆ ಹೊರಟಿತು. ಅದರ ಬೆನ್ನಿಗೆ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಇದ್ದರು. ಪುಸ್ತಕಕ್ಕಾಗಲಿ ಈರುಳ್ಳಿಗಾಗಲಿ ಪ್ರಶ್ನೆ ಒಂದೇ: ಜನ ಬರಲಾಗದಿದ್ದರೆ ಸಾಮಾನು ಹೇಗೆ ಹೋಗಬೇಕು?

ಐದು ಲಾರಿ, ಆರು ಸಾಮಾನು

ವ್ಯಾಪಾರದಲ್ಲಿ ಈ ಪ್ರಶ್ನೆಗೆ ದೊಡ್ಡ ಉತ್ತರ ಕೊಟ್ಟವನು ಸ್ವಿಟ್ಜರ್ಲೆಂಡಿನ ಗಾಟ್‌ಲೀಬ್ ಡುಟ್‌ವೈಲರ್. 1925ರಲ್ಲಿ ಜೂರಿಚ್ ಪಟ್ಟಣದಲ್ಲಿ ಐದು ಫೋರ್ಡ್ ಟ್ರಕ್ಕುಗಳನ್ನು ಅಂಗಡಿಗಳನ್ನಾಗಿ ಮಾಡಿ ಬೀದಿಗಿಳಿಸಿದ. ಇದ್ದದ್ದು ಆರೇ ಸಾಮಾನು: ಕಾಫಿ, ಅಕ್ಕಿ, ಸಕ್ಕರೆ, ಸೇವಿಗೆಯಂಥ ಪಾಸ್ತಾ, ತೆಂಗಿನ ಕೊಬ್ಬು, ಸೋಪು. ಬಾಡಿಗೆ ಮಳಿಗೆ ಇಲ್ಲ, ಮಧ್ಯವರ್ತಿ ಇಲ್ಲ, ಬೆಲೆ ಕಡಿಮೆ. ಹೆಂಗಸರು ಗಾಡಿ ನಿಲ್ಲುವ ಹೊತ್ತಿಗೆ ಚೀಲ ಹಿಡಿದು ಕಾದರು. ಅಂಗಡಿಯವರು ಸಿಟ್ಟಾದರು, ತಯಾರಕರು ಸಾಮಾನು ಕೊಡುವುದನ್ನು ನಿಲ್ಲಿಸಿದರು. ಅವನು ತಾನೇ ತಯಾರಿಸಲು ಶುರು ಮಾಡಿದ. ಅದೇ ಮಿಗ್ರೋಸ್, ಇಂದು ಆ ದೇಶದ ಅತಿ ದೊಡ್ಡ ಅಂಗಡಿ ಸಮೂಹಗಳಲ್ಲಿ ಒಂದು.

ಗಾಡಿಯ ಆಕಾರಕ್ಕೆ ಸರಿಯಾದ ಬುದ್ಧಿ ಬಂದದ್ದು 1947ರಲ್ಲಿ, ಫ್ರಾನ್ಸಿನ ಸಿಟ್ರನ್ ಕಂಪನಿಯ ಎಚ್ ವ್ಯಾನಿನಲ್ಲಿ. ಎಂಜಿನ್ನು ಮುಂದಿನ ಚಕ್ರವನ್ನೇ ತಿರುಗಿಸುವುದರಿಂದ ನೆಲದ ಕೆಳಗೆ ಉದ್ದನೆಯ ಶಾಫ್ಟ್ ಬೇಕಿರಲಿಲ್ಲ. ನೆಲ ತಗ್ಗಾಯಿತು, ಒಳಗೆ ಮನುಷ್ಯ ನೆಟ್ಟಗೆ ನಿಲ್ಲುವಂತಾಯಿತು. ಪಕ್ಕದ ತಗಡು ಎತ್ತಿದರೆ ಸಂತೆಯ ಅಂಗಡಿ. ಎತ್ತರದಲ್ಲಿ ಕೂತ ಸಾಮಾನನ್ನು ಗಿರಾಕಿ ಕತ್ತು ಎತ್ತಿ ನೋಡಬೇಕು; ಸೊಂಟದ ಮಟ್ಟಕ್ಕೆ ಇಳಿದ ಸಾಮಾನನ್ನು ಮುಟ್ಟಿ ನೋಡುತ್ತಾನೆ. ಮುಟ್ಟಿದವನೇ ಕೊಳ್ಳುವವನು.

ಟೆಂಪೋದಿಂದ ಚಿಕ್ಕಾನೆವರೆಗೆ

ನಾವು ಯಾವ ಸಣ್ಣ ಗಾಡಿಯನ್ನು ಕಂಡರೂ ಟೆಂಪೋ ಎನ್ನುತ್ತೇವೆ. ಅದು ಜರ್ಮನಿಯ ಕಂಪನಿಯ ಹೆಸರು. 1958ರಲ್ಲಿ ಬಜಾಜ್ ಟೆಂಪೋ ಕಂಪನಿ ಮೂರು ಚಕ್ರದ ಹ್ಯಾನ್ಸಿಯಾಟ್ ಗಾಡಿಯನ್ನು ಇಲ್ಲಿ ತಯಾರಿಸಿತು. 1969ರಲ್ಲಿ ಅದೇ ಕಂಪನಿಯ ಮೆಟಡೋರ್ ಬಂತು. ಆದರೂ ಒಬ್ಬ ಸಣ್ಣ ವ್ಯಾಪಾರಿ ಸ್ವಂತಕ್ಕೆ ನಾಲ್ಕು ಚಕ್ರದ ಗಾಡಿ ಕೊಳ್ಳುವುದು ಸುಲಭವಿರಲಿಲ್ಲ. ಸೈಕಲ್ಲು, ತಳ್ಳುಗಾಡಿ, ಬಸ್ಸಿನ ಟಾಪು, ಇವೇ ಅವನ ವಾಹನ.

2005ರಲ್ಲಿ ಟಾಟಾ ಏಸ್ ಬಂದು ಈ ಲೆಕ್ಕ ಬದಲಾಯಿಸಿತು. ಎರಡು ಸಿಲಿಂಡರಿನ, ಸುಮಾರು 700 ಸಿಸಿಯ ಡೀಸೆಲ್ ಎಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರುವ ಶಕ್ತಿ, ಎರಡೂಕಾಲು ಲಕ್ಷದ ಆಸುಪಾಸಿನ ಬೆಲೆ. ಜಾಹೀರಾತಿನವರು ಇದನ್ನು ಚಿಕ್ಕ ಆನೆ ಎಂದರು. ತೋಟದ ಕಿರಿದಾದ ದಾರಿಯಲ್ಲಿ ನುಗ್ಗುವ ಗಾಡಿ ಸಿಕ್ಕಿತು. ಅದರ ಮೇಲೆ ಅಂಗಡಿ ಕಟ್ಟಿದವರು ಮಾತ್ರ ಊರೂರಿನ ವೆಲ್ಡಿಂಗ್ ಶಾಪಿನವರು.

ಅವರ ಲೆಕ್ಕ ನೋಡಿ. ಇಂಥ ಗಾಡಿಯ ತೊಟ್ಟಿ ಸುಮಾರು ಏಳಡಿ ಉದ್ದ, ನಾಲ್ಕೂಮುಕ್ಕಾಲು ಅಡಿ ಅಗಲ. ಅಂದರೆ 33 ಚದರಡಿ. ಎರಡು ಪಕ್ಕಕ್ಕೂ ಹಿಂದಕ್ಕೂ ಒಂದೂವರೆ ಅಡಿ ಅಗಲದ ಮಡಚುವ ಹಲಗೆ ಕೂರಿಸಿದರೆ ಪಕ್ಕದಲ್ಲಿ 21, ಹಿಂದೆ 7, ಒಟ್ಟು 28 ಚದರಡಿ ಹೆಚ್ಚಾಗುತ್ತದೆ. ಗಾಡಿ ಒಂದಿಂಚೂ ಬೆಳೆಯದೆ ಅಂಗಡಿ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಆದರೆ ಪ್ರತಿ ಬಿಜಾಗರಿಗೂ ಒಂದು ಬೆಲೆ ಇದೆ. ಕಬ್ಬಿಣ ಜಾಸ್ತಿ ಬಳಸಿದರೆ ಸಾಮಾನಿನ ತೂಕ ಕಡಿಮೆ ಮಾಡಬೇಕು. ಬಾಡಿ 150 ಕಿಲೋ ಆಯಿತು ಎನ್ನಿ. 750ರಲ್ಲಿ ಉಳಿಯುವುದು 600. ಹೊರೆ ಎತ್ತರದಲ್ಲಿದ್ದರೆ ಘಾಟಿಯ ತಿರುವಿನಲ್ಲಿ ಗಾಡಿ ವಾಲುತ್ತದೆ, ಆದ್ದರಿಂದ ಅಕ್ಕಿ–ಈರುಳ್ಳಿ ಕೆಳಗೆ, ಪ್ಲಾಸ್ಟಿಕ್ಕು ಮೇಲೆ. ಒಂದೇ ಕಡೆ ಹಲಗೆ ತೆರೆದು ಮೂಟೆ ಇಟ್ಟರೆ ಆ ಕಡೆಯ ಸ್ಪ್ರಿಂಗ್ ಪಟ್ಟಿ ಕುಸಿಯುತ್ತದೆ, ಹಲಗೆಗೆ ಕಾಲು ಕೊಡಲೇಬೇಕು. ಮಲೆನಾಡಿನ ಮಳೆ ನೇರ ಬೀಳುವುದಿಲ್ಲ, ಗಾಳಿಯೊಡನೆ ಓರೆಯಾಗಿ ಬರುತ್ತದೆ. ಮೇಲಿನ ಚಪ್ಪರದ ಹಲಗೆಗೆ ಟಾರ್ಪಾಲಿನ ಅಂಚು ಇಳಿಬಿಡದಿದ್ದರೆ ಸಕ್ಕರೆ ಪಾಕವಾಗುತ್ತದೆ.

ಇನ್ನೊಂದು ಲೆಕ್ಕ ಸಕಲೇಶಪುರ–ಆಲೂರಿನವರಿಗೆ ಮಾತ್ರ ಗೊತ್ತು. ಗಾಡಿ ಎಷ್ಟು ಬೇಗ ಮಡಚುತ್ತದೆ ಎಂಬುದು. ಎದುರಿನಿಂದ ಬಸ್ಸು ಬಂದರೆ ದಾರಿ ಬಿಡಬೇಕು. ಆನೆ ಬಂದಿದೆ ಎಂದು ಮೊಬೈಲಿಗೆ ಸಂದೇಶ ಬಂದರೆ ಕತ್ತಲಾಗುವ ಮುಂಚೆ ಹೊರಡಬೇಕು. ನಿಜವಾದ ಆನೆಯ ಮುಂದೆ ಚಿಕ್ಕಾನೆಯ ಆಟ ನಡೆಯುವುದಿಲ್ಲ. ಹತ್ತು ಚಿಲಕವಿರುವ ಗಾಡಿಗಿಂತ ಎರಡು ಚಿಲಕದ ಗಾಡಿ ಇಲ್ಲಿ ಮೇಲು.

ಯಾರಿಗೆ ಬೇಕು, ಯಾರಿಗೆ ಪೆಟ್ಟು

2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಪೇಟೆಗೆ ಹೋಗಿ ಬರುವುದು ಸಲೀಸಾದರೂ ಗಾಡಿಗಳಿಗೆ ಗಿರಾಕಿ ಇದ್ದಾರೆ. ಬಸ್ಸು ಟಿಕೆಟ್ ಇಲ್ಲದೆ ಕರೆದೊಯ್ಯುತ್ತದೆ. ಆದರೆ ಇಳಿದ ಮೇಲೆ ತೋಟದ ಏರಿನಲ್ಲಿ ಹತ್ತು ಕಿಲೋ ಚೀಲ ಹೊರುವುದು ಯಾರು? ವಯಸ್ಸಾದವರು, ಬಾಣಂತಿ ಇರುವ ಮನೆಯವರು, ಒಂದು ದಿನದ ಕೂಲಿ ಬಿಡಲಾಗದವರು, ಇವರಿಗೆ ಗಾಡಿ ಬೇಕು. 2018ರಂತೆ ಘಾಟಿ ಕುಸಿದು ದಾರಿ ಕಟ್ಟಿದಾಗ ಸಣ್ಣ ಗಾಡಿ ಒಳದಾರಿಯಲ್ಲಿ ಬಂದರೆ ಅದೇ ದೊಡ್ಡದು.

ಇನ್ನೊಂದು ಮುಖವೂ ಇದೆ. ಊರಿನ ಚಿಲ್ಲರೆ ಅಂಗಡಿಯವನು ಮಳೆಗಾಲದಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುತ್ತಾನೆ. ಗಾಡಿಯವನಿಗೆ ಅಲ್ಲಿಯೇ ದುಡ್ಡು ಬೇಕು. ಕೈಯಲ್ಲಿ ಕಾಸಿದ್ದಾಗ ಗಾಡಿ, ಇಲ್ಲದಾಗ ಅಂಗಡಿ ಎಂದರೆ ಆ ಅಂಗಡಿ ಎಷ್ಟು ದಿನ ಬಾಗಿಲು ತೆರೆದಿರುತ್ತದೆ? ಜೂರಿಚ್ಚಿನ ಅಂಗಡಿಯವರ ಸಿಟ್ಟು ನಮ್ಮ ಊರಿನಲ್ಲೂ ಸುಳ್ಳಲ್ಲ.

ಗಾಡಿಯವನ ಕಷ್ಟ ಬೇರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಆರ್.ಸಿ. ವಿವರ ಬೇರೆಯಾಗುವಂತೆ ವಾಹನ ಬದಲಾಯಿಸುವಂತಿಲ್ಲ. ಹಾಗಾಗಿ ಬಾಡಿ ಕಟ್ಟಿಸುವ ಮುಂಚೆಯೇ ಆರ್.ಟಿ.ಓ. ಕಚೇರಿಯಲ್ಲಿ ಕೇಳುವುದು ಒಳ್ಳೆಯದು. ವೆಲ್ಡಿಂಗ್ ಆದ ಮೇಲೆ ಕತ್ತರಿಸುವುದು ದುಬಾರಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ವ್ಯಾಪಾರಿಗೆ ಗುರುತಿನ ಚೀಟಿ, ಜಾಗ, ಸಮಿತಿಯಲ್ಲಿ ಕುರ್ಚಿ ಕೊಟ್ಟಿತು. ಆದರೆ ಅದು ಪಟ್ಟಣಗಳಿಗಾಗಿ ಮಾಡಿದ ಕಾಯ್ದೆ. ಸಕಲೇಶಪುರ ಪೇಟೆ ದಾಟಿ ತೋಟದ ದಾರಿಗೆ ತಿರುಗಿದ ಗಾಡಿಯವನಿಗೆ ಆ ರಕ್ಷಣೆ ಕೈಗೆಟುಕುವುದಿಲ್ಲ.

ಹಳ್ಳಿಯಲ್ಲಿ ಆ ಕೆಲಸ ಮಾಡಬಲ್ಲದ್ದು ಗ್ರಾಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಸಂತೆ ನಡೆಸುವ, ಶುಲ್ಕ ಎತ್ತುವ ಅಧಿಕಾರ ಅದಕ್ಕಿದೆ. ಹಾಸನದಿಂದ ಮಾರನಹಳ್ಳಿವರೆಗೆ ಹೆದ್ದಾರಿ ನಾಲ್ಕು ಪಥವಾದಷ್ಟೂ ವಾಹನಗಳ ವೇಗ ಹೆಚ್ಚುತ್ತದೆ. ರಸ್ತೆಯ ಅಂಚಿನಲ್ಲಿ ಹಲಗೆ ಬಿಚ್ಚುವ ಗಾಡಿಯವನಿಗೂ, ಬೆನ್ನು ರಸ್ತೆಗೆ ಮಾಡಿ ಟೊಮೆಟೊ ಆರಿಸುವ ಗಿರಾಕಿಗೂ ಜೀವಭಯ. ಶಾಲೆಯ ಹತ್ತಿರವೋ ಹಾಲಿನ ಡೇರಿಯ ಮುಂದೆಯೋ ನೀರು ನಿಲ್ಲದ, ಹೆದ್ದಾರಿಗೆ ತಾಗದ ಸಮತಟ್ಟು ಜಾಗವೊಂದನ್ನು ಗುರುತಿಸಿ, ಇಂಥ ದಿನ ಇಂಥ ಹೊತ್ತು ಎಂದು ಬೋರ್ಡು ಹಾಕಿದರೆ ಸಾಕು. ಅದೇ ಜಾಗದಲ್ಲಿ ಊರಿನ ಅಂಗಡಿಯವನೂ, ಸೊಪ್ಪು ಬೆಳೆದ ಹೆಂಗಸರೂ ಕೂತರೆ ಅದೊಂದು ಪುಟ್ಟ ಸಂತೆ. ಮುಂದಿನ ಗ್ರಾಮಸಭೆಯಲ್ಲಿ ಕೇಳಲು ಇದು ದೊಡ್ಡ ಬೇಡಿಕೆಯೇನಲ್ಲ. ಗಾಡಿ ಬಿಚ್ಚಿಕೊಳ್ಳುವ ವಿದ್ಯೆ ಆಗಲೇ ಕಲಿತಿದೆ, ಬಿಚ್ಚಿಕೊಳ್ಳಲು ನೆಲ ಕೊಡಬೇಕಾದವರು ನಾವು.