ಮೋಟಾರಿನ ಬೆಲೆ, ಮೋಟಾರಿನ ಖರ್ಚು

ಈಚೆಗೆ ತಂಗಿಯ ಮಗ ಊರಿನಿಂದ ಫೋನು ಮಾಡಿದ್ದ. “ಮಾವ, ಗಿರಣಿಯ ಮೋಟಾರು ಮತ್ತೆ ಸುಟ್ಟಿತು. ಈ ಸಲವೂ ರಿವೈಂಡಿಂಗ್ ಮಾಡಿಸಲೋ, ಹೊಸದು ತರಲೋ?” ಫ್ಲೆಮಿಂಗನ ಎಡಗೈ ನಿಯಮವನ್ನು ವರ್ಷಗಟ್ಟಲೆ ಪಾಠ ಮಾಡಿದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದನ್ನು ಅರಸುತ್ತ ಹೋದಾಗ ಕಂಡ ಚರಿತ್ರೆಯನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ವಿದ್ಯುತ್ತು ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದವನು ಫ್ಯಾರಡೆ, ಅದು 1821ರಲ್ಲಿ. 1888ರಲ್ಲಿ ಟೆಸ್ಲಾನಿಗೆ ಇಂಡಕ್ಷನ್ ಮೋಟಾರಿನ ಪೇಟೆಂಟ್ ದೊರೆಯಿತು. ಮರುವರ್ಷವೇ ಡೊಲಿವೊ-ಡೊಬ್ರೊವೊಲ್‌ಸ್ಕಿ ಮೂರು ಫೇಸಿನ ಮೋಟಾರನ್ನು ರೂಪಿಸಿದ. ಇಂದಿನ ಗಿರಣಿಯ ಮೋಟಾರು ಅದೇ ವಂಶದ್ದು.

ಎರಡನೆಯ ಮಹಾಯುದ್ಧದ ನಂತರ ವಿದ್ಯುತ್ತು ಅಗ್ಗವಾಗಿದ್ದ ಕಾಲದಲ್ಲಿ ಅಮೆರಿಕದ ತಯಾರಕರು ತಾಮ್ರ ಮತ್ತು ಉಕ್ಕನ್ನು ಉಳಿಸಿ ಮೋಟಾರನ್ನು ಚಿಕ್ಕದಾಗಿಸಿದರು. ಬೆಲೆಯೇನೋ ಇಳಿಯಿತು, ಆದರೆ ಶಾಖವಾಗಿ ಪೋಲಾಗುವ ಶಕ್ತಿ ಹೆಚ್ಚಿತು. 1973ರ ತೈಲ ಬಿಕ್ಕಟ್ಟು ಕಣ್ಣು ತೆರೆಸಿತು. ಅಲ್ಲಿ 1992ರಲ್ಲಿ ಆದ ಕಾಯಿದೆ ಮೋಟಾರುಗಳಿಗೆ ಕನಿಷ್ಠ ದಕ್ಷತೆಯನ್ನು ವಿಧಿಸಿ, 1997ರಲ್ಲಿ ಜಾರಿಗೆ ಬಂದಿತು. ಐ.ಇ.1, ಐ.ಇ.2, ಐ.ಇ.3 ಎಂಬ ಅಂತರರಾಷ್ಟ್ರೀಯ ದರ್ಜೆಗಳು ಬಂದದ್ದು 2008ರಲ್ಲಿ. ಯುರೋಪ್ 2011ರಲ್ಲಿ ಐ.ಇ.2 ದರ್ಜೆಯನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ಇಂಧನ ಸಂರಕ್ಷಣಾ ಕಾಯಿದೆ 2001ರದು; ಐ.ಇ.2 ಕನಿಷ್ಠವೆಂಬ ಆಜ್ಞೆ 2017ರದು.

ಇದಕ್ಕೆ ಕಾನೂನೇ ಬೇಕಾಯಿತೇಕೆ? ಯಂತ್ರ ತಯಾರಿಸುವವನು ಅಗ್ಗದ ಮೋಟಾರನ್ನು ಜೋಡಿಸಿ ಮಾರುತ್ತಾನೆ. ವಿದ್ಯುತ್ ಬಿಲ್ಲು ಕಟ್ಟುವವನು ಬೇರೊಬ್ಬ. ಪೋಲಿನ ನೋವು ಪೋಲು ಮಾಡಿದವನಿಗೆ ತಟ್ಟುವುದಿಲ್ಲ. ಹಳ್ಳಿಯಲ್ಲಿರುವ ನನ್ನ ಅಣ್ಣನ ಪಂಪ್‌ಸೆಟ್ಟಿನ ಕಥೆಯೂ ಅಷ್ಟೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪಿಗೆ ವಿದ್ಯುತ್ತು ಉಚಿತ. ಅಣ್ಣ ದಕ್ಷತೆಯ ಗೊಡವೆಗೇಕೆ ಹೋದಾನು? ಆ ಪೋಲಿನ ಲೆಕ್ಕ ಸರ್ಕಾರದ ಬೊಕ್ಕಸಕ್ಕೆ, ಅಂದರೆ ನಮ್ಮೆಲ್ಲರ ತಲೆಗೆ ಬರುತ್ತದೆ.

ಗಿರಣಿಯಲ್ಲಿ ಮಾತ್ರ ಬಿಲ್ಲು ಕಟ್ಟುವವನು ನನ್ನ ಸೋದರಳಿಯನೇ. ಅವನ ಮೋಟಾರು 10 ಅಶ್ವಶಕ್ತಿಯದು, ಎಂದರೆ ಸುಮಾರು 7.5 ಕಿಲೋವಾಟ್. ಈ ಗಾತ್ರಕ್ಕೆ ಐ.ಇ.1ರ ದಕ್ಷತೆ ಶೇ. 86, ಐ.ಇ.3ರದು ಶೇ. 90.4. ಪೂರ್ಣ ಹೊರೆಯಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿದರೆ ಸುಮಾರು 1,000 ಯೂನಿಟ್ ಉಳಿಯುತ್ತದೆ. ಅವನದು ಎರಡು ಸಲ ಸುತ್ತಿಸಿದ ಹಳೆಯ ಮೋಟಾರು. ಸುಟ್ಟ ತಂತಿಯನ್ನು ತೆಗೆಯಲು ಅತಿಯಾಗಿ ಕಾಯಿಸಿದರೆ ಒಳಗಿನ ಉಕ್ಕಿನ ಪದರಗಳು ಕೆಟ್ಟು ನಷ್ಟ ಇನ್ನೂ ಹೆಚ್ಚುತ್ತದೆ.

ಲೆಕ್ಕ ಕೇಳಿ ಅವನು ಹೊಸ ಐ.ಇ.3 ಮೋಟಾರನ್ನೇ ತಂದ. ನನಗೆ ಉಳಿದದ್ದು ಒಂದು ಕೊರಗು. ದಕ್ಷತೆಯ ಸೂತ್ರ ಬರೆದವರಿಗೆ ಪೂರ್ಣ ಅಂಕ ಕೊಡುತ್ತಿದ್ದೆನೇ ಹೊರತು, ಅದು ಮನೆಯ ಖರ್ಚಿನ ಲೆಕ್ಕವೆಂದು ಒಮ್ಮೆಯೂ ಹೇಳಲಿಲ್ಲ. ಗಿರಣಿ, ಕಾರ್ಖಾನೆ ನಡೆಸುತ್ತಿರುವ ನನ್ನ ಶಿಷ್ಯರು ಇಂದು ಮೋಟಾರಿನ ಫಲಕವನ್ನೊಮ್ಮೆ ಓದಿದರೆ, ಅಂದು ಬಿಟ್ಟುಹೋದ ಪಾಠ ಮುಗಿದಂತಾಯಿತು.