ಹಳೆಯ ವಿಡಿಯೊ ಆಟಗಳ ಅನುವಾದದ ಬೀಟಾ ಪರೀಕ್ಷೆ

ಹಳೆಯ ವಿಡಿಯೊ ಆಟಗಳ ಅನುವಾದದ ಬೀಟಾ ಪರೀಕ್ಷೆ ಎಂದರೆ, ಹಿಂದಿನ ತಲೆಮಾರಿನ ಆಟಯಂತ್ರಗಳಿಗಾಗಿ ತಯಾರಾದ ಆಟವೊಂದನ್ನು ಅಭಿಮಾನಿಗಳು ಬೇರೊಂದು ಭಾಷೆಗೆ ಅನುವಾದಿಸಿದ ಬಳಿಕ, ಬಿಡುಗಡೆಗೆ ಮುನ್ನ ಆಯ್ದ ಕೆಲವರು ಅದನ್ನು ಆಡಿ ದೋಷಗಳನ್ನು ಗುರುತಿಸುವ ಕಾರ್ಯ. ಇದು ಸಾಮಾನ್ಯವಾಗಿ ಸಂಭಾವನೆಯಿಲ್ಲದೆ ನಡೆಯುವ ಸ್ವಯಂಸೇವೆ. ಮುದ್ರಿತ ಪುಸ್ತಕಕ್ಕೆ ಕರಡು ತಿದ್ದುವಿಕೆ ಇರುವಂತೆ ಆಟದ ಅನುವಾದಕ್ಕೆ ಈ ಪರೀಕ್ಷೆ ಇದೆ. ಆದರೆ ಇಲ್ಲಿ ಪಠ್ಯವನ್ನು ಓದಿದರೆ ಸಾಲದು, ಆಡಿಯೇ ನೋಡಬೇಕು.

ಹಿನ್ನೆಲೆ

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಫ್ಯಾಮಿಕಾಮ್ ಯಂತ್ರವನ್ನೂ 1990ರಲ್ಲಿ ಸೂಪರ್ ಫ್ಯಾಮಿಕಾಮ್ ಯಂತ್ರವನ್ನೂ ಹೊರತಂದಿತು. ಇವುಗಳಿಗಾಗಿ ರಚಿತವಾದ, ಸಂಭಾಷಣೆ ಹೆಚ್ಚಾಗಿರುವ ಅನೇಕ ಆಟಗಳು ಆ ಕಾಲದಲ್ಲಿ ಜಪಾನಿನಿಂದಾಚೆಗೆ ಮಾರಾಟವಾಗಲಿಲ್ಲ. ಹಳೆಯ ಯಂತ್ರದ ವರ್ತನೆಯನ್ನು ಗಣಕದಲ್ಲಿ ಅನುಕರಿಸುವ ಎಮ್ಯುಲೇಟರ್ ತಂತ್ರಾಂಶಗಳು 1990ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂದಾಗ ಅಭಿಮಾನಿಗಳು ಇವುಗಳ ಅನುವಾದಕ್ಕೆ ಕೈಹಾಕಿದರು. 1992ರಲ್ಲಿ ಜಪಾನಿನಲ್ಲಿ ಪ್ರಕಟವಾದ ಫೈನಲ್ ಫ್ಯಾಂಟಸಿ 5 ಆಟದ ಅಧಿಕೃತ ಇಂಗ್ಲಿಷ್ ರೂಪ ಬಂದದ್ದು 1999ರಲ್ಲಿ. ಅದಕ್ಕೂ ಮೊದಲೇ ಆರ್‌ಪಿಜಿಇ ಎಂಬ ಅಭಿಮಾನಿ ತಂಡದ ಅನುವಾದ ಆಟಗಾರರ ಕೈಸೇರಿತ್ತು.

ಇಂತಹ ಅನುವಾದಗಳನ್ನು ‘ಪ್ಯಾಚ್’ ಎಂಬ ಕಿರುಕಡತದ ರೂಪದಲ್ಲಿ ಹಂಚಲಾಗುತ್ತದೆ. ಮೂಲ ಆಟಕ್ಕೂ ಅನುವಾದಿತ ಆಟಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಅದು ಒಳಗೊಂಡಿರುತ್ತದೆ. ಐಪಿಎಸ್ ಮತ್ತು ಬಿಪಿಎಸ್ ಇದರ ಪ್ರಚಲಿತ ನಮೂನೆಗಳು.

ಪರೀಕ್ಷೆಯ ಅಗತ್ಯ

ಅನುವಾದಕನ ಕಡತದಲ್ಲಿ ನಿರ್ದುಷ್ಟವಾಗಿರುವ ವಾಕ್ಯ ಪರದೆಯ ಮೇಲೆ ಕೆಡಬಹುದು. ಜಪಾನಿ ಲಿಪಿಯಲ್ಲಿ ಕೆಲವೇ ಅಕ್ಷರಗಳಲ್ಲಿ ಮುಗಿಯುವ ಮಾತಿಗೆ ಇಂಗ್ಲಿಷಿನಲ್ಲಿ ಹೆಚ್ಚು ಅಕ್ಷರಗಳು ಬೇಕು. ಆದರೆ ಸಂಭಾಷಣೆಯ ಚೌಕಟ್ಟು ಜಪಾನಿ ಲಿಪಿಯ ಅಳತೆಗೆ ಸಿದ್ಧವಾದದ್ದು. ಹೀಗಾಗಿ ಪದಗಳು ಚೌಕಟ್ಟನ್ನು ಮೀರುತ್ತವೆ, ವಸ್ತುಗಳ ಹೆಸರು ಅರ್ಧಕ್ಕೆ ತುಂಡಾಗುತ್ತದೆ. ಪ್ರತಿಯೊಂದು ಮಾತೂ ಸ್ಮರಣೆಯಲ್ಲಿ ಎಲ್ಲಿದೆ ಎಂಬುದನ್ನು ‘ಪಾಯಿಂಟರ್’ ಎಂಬ ಸೂಚಕ ಹೇಳುತ್ತದೆ. ವಾಕ್ಯಗಳ ಉದ್ದ ಬದಲಾದಾಗ ಸೂಚಕಗಳನ್ನೂ ಬದಲಿಸಬೇಕು. ಅದರಲ್ಲಿ ಒಂದು ತಪ್ಪಿದರೂ ಅರಸನ ಮಾತು ಅಂಗಡಿಯವನ ಬಾಯಲ್ಲಿ ಬರಬಹುದು. ಪಠ್ಯದ ನಡುವೆ ಅಡಗಿರುವ ನಿಯಂತ್ರಣ ಸಂಕೇತವೊಂದು ಅಳಿಸಿಹೋದರೆ ಆಟವೇ ಸ್ತಬ್ಧವಾಗಬಹುದು.

ಪರೀಕ್ಷಕರ ಆಯ್ಕೆ ಮತ್ತು ಕೆಲಸದ ಹಂಚಿಕೆ

ಸುವ್ಯವಸ್ಥಿತ ತಂಡದಲ್ಲಿ ಬೇರೆಬೇರೆ ಬಗೆಯ ಪರೀಕ್ಷಕರಿರುತ್ತಾರೆ. ಮೂಲ ಆಟವನ್ನು ಚೆನ್ನಾಗಿ ಬಲ್ಲವನು ಗುಪ್ತ ದಾರಿಗಳನ್ನೂ ಐಚ್ಛಿಕ ಪ್ರಸಂಗಗಳನ್ನೂ ಶೋಧಿಸುತ್ತಾನೆ. ಭಾಷಾಜ್ಞಾನವುಳ್ಳವನು ಕಾಗುಣಿತ, ಶೈಲಿ ಮತ್ತು ಹೆಸರುಗಳ ಏಕರೂಪತೆಯನ್ನು ಗಮನಿಸುತ್ತಾನೆ. ಆಟವನ್ನು ಹಿಂದೆಂದೂ ಕಂಡಿರದವನ ಬೆಲೆ ಇವರಿಗಿಂತ ಕಡಿಮೆಯಲ್ಲ: ಯಾವ ಸುಳಿವು ಅರ್ಥವಾಗುವುದಿಲ್ಲ ಎಂಬುದನ್ನು ಅವನು ಮಾತ್ರ ಹೇಳಬಲ್ಲ. ಆದರೆ ಒಮ್ಮೆ ಆಟ ಮುಗಿಸಿದ ಮೇಲೆ ಅವನೂ ಹಳಬನೇ. ಆದ್ದರಿಂದ ಎಲ್ಲರಿಗೂ ಮೊದಲ ದಿನವೇ ಪ್ರತಿ ಕೊಡದೆ, ಒಬ್ಬಿಬ್ಬರನ್ನು ಕೊನೆಯ ಸುತ್ತಿಗೆ ಉಳಿಸಿಕೊಳ್ಳುವುದು ವಿವೇಕ.

ಎಲ್ಲರೂ ಆರಂಭದಿಂದಲೇ ಆಡಿದರೆ ಮೊದಲ ಊರಿನ ದೋಷಗಳು ಹತ್ತು ಬಾರಿ ವರದಿಯಾಗುತ್ತವೆ, ಕೊನೆಯ ಕೋಟೆಯವು ಒಮ್ಮೆಯೂ ಆಗುವುದಿಲ್ಲ. ಅದಕ್ಕಾಗಿ ಅಧ್ಯಾಯವಾರು ಹಂಚಿಕೆ ಮಾಡಿ, ಮುಂದಿನ ಭಾಗದವರಿಗೆ ಆಯಾ ಹಂತದ ಉಳಿತಾಯ ಕಡತವನ್ನು ಒದಗಿಸಬೇಕಾಗುತ್ತದೆ. ಜೊತೆಗೆ ಒಬ್ಬನಾದರೂ ಇಡೀ ಆಟವನ್ನು ಒಂದೇ ಓಟದಲ್ಲಿ ಆಡಿ ಮುಗಿಸಬೇಕು. ಆಟಗಾರನೇ ಹೆಸರಿಡುವ ಆಟಗಳಲ್ಲಿ ಸಾಧ್ಯವಿರುವ ಅತ್ಯಂತ ಉದ್ದದ ಹೆಸರನ್ನಿಟ್ಟು ಸಾಲುಗಳು ಒಡೆಯುವ ಬಗೆಯನ್ನು ನೋಡಬೇಕು.

ದೋಷವರದಿ

‘ಎಲ್ಲೋ ಅಕ್ಷರ ಕೆಟ್ಟಿದೆ’ ಎಂಬ ವರದಿಯಿಂದ ತಿದ್ದುವವನಿಗೆ ಪ್ರಯೋಜನವಿಲ್ಲ. ಉಪಯುಕ್ತ ವರದಿಯಲ್ಲಿ ಪ್ಯಾಚ್‌ನ ಆವೃತ್ತಿ ಸಂಖ್ಯೆ, ಬಳಸಿದ ಯಂತ್ರ ಅಥವಾ ಎಮ್ಯುಲೇಟರ್, ದೋಷ ಕಂಡ ಸ್ಥಳ, ಅದನ್ನು ಮರುಕಳಿಸುವ ಕ್ರಮ ಮತ್ತು ಪರದೆಯ ಚಿತ್ರ ಇರುತ್ತವೆ. ವರದಿಗಳನ್ನು ತೀವ್ರತೆಗೆ ಅನುಗುಣವಾಗಿ ವಿಂಗಡಿಸಲಾಗುತ್ತದೆ: ಆಟ ನಿಂತುಹೋಗುವಂಥವು ಮೊದಲು, ಪಠ್ಯ ವಿರೂಪಗೊಳ್ಳುವಂಥವು ಅನಂತರ, ಕಾಗುಣಿತದ ತಪ್ಪುಗಳು ಆಮೇಲೆ. ಪರೀಕ್ಷಕನ ಅಭಿರುಚಿಗೆ ಸಂಬಂಧಿಸಿದ ಸಲಹೆಗಳನ್ನು ದೋಷಗಳೊಂದಿಗೆ ಬೆರೆಸದೆ ಬೇರೆ ಪಟ್ಟಿಯಲ್ಲಿಡುವುದು ವಾಡಿಕೆ. ಬೆರೆತಲ್ಲಿ ಅನುವಾದಕನಿಗೂ ಪರೀಕ್ಷಕನಿಗೂ ಮನಸ್ತಾಪ ಬರುವುದುಂಟು. ಒಂದು ತಿದ್ದುಪಡಿ ಹೊಸ ದೋಷವನ್ನು ಹುಟ್ಟಿಸಬಹುದಾದ್ದರಿಂದ ತಿದ್ದಿದ ಸ್ಥಳವನ್ನು ಮತ್ತೊಮ್ಮೆ ಪರಿಶೀಲಿಸಿದ ಬಳಿಕವೇ ವರದಿಯನ್ನು ಮುಕ್ತಾಯಗೊಳಿಸಲಾಗುತ್ತದೆ.

ಯಂತ್ರ ಮತ್ತು ಎಮ್ಯುಲೇಟರ್

ಒಂದೇ ಎಮ್ಯುಲೇಟರ್ ನಂಬಿ ಪರೀಕ್ಷಿಸಿದ್ದರ ಫಲವನ್ನು ಹಳೆಯ ಪ್ಯಾಚ್‌ಗಳಲ್ಲಿ ಕಾಣಬಹುದು. ಒಂದು ಕಾಲದಲ್ಲಿ ಬಹಳ ಜನಪ್ರಿಯವಾಗಿದ್ದ ಝಡ್‌ಎಸ್‌ಎನ್‌ಇಎಸ್, ಮೂಲ ಯಂತ್ರ ಒಪ್ಪದ ಕೆಲವು ಕ್ರಮಗಳನ್ನೂ ಒಪ್ಪುತ್ತಿತ್ತು. ಅದರಲ್ಲಿ ಸರಿಯಾಗಿ ನಡೆದ ಕೆಲವು ಅನುವಾದಗಳು ನಿಜವಾದ ಯಂತ್ರದಲ್ಲಿ ಕೆಟ್ಟವು. ಹೀಗಾಗಿ ಮೂಲ ಯಂತ್ರದಲ್ಲಿಯೂ ಪರೀಕ್ಷಿಸುವುದು ಅಪೇಕ್ಷಣೀಯ.

ಎಮ್ಯುಲೇಟರ್ ಆಟವನ್ನು ಇದ್ದಲ್ಲೇ ಹಿಡಿದಿಡುವ ‘ಸೇವ್ ಸ್ಟೇಟ್’ ಸೌಲಭ್ಯವೂ ದಾರಿ ತಪ್ಪಿಸಬಲ್ಲದು. ಅದು ಆ ಕ್ಷಣದ ಸ್ಮರಣೆಯನ್ನು ಪೂರ್ತಿಯಾಗಿ ಉಳಿಸುವುದರಿಂದ, ಹೊಸ ಪ್ಯಾಚ್‌ನ ಮೇಲೆ ತೆರೆದಾಗ ಹಳೆಯ ಅಕ್ಷರಗಳೇ ಕಾಣಿಸಿ, ಇಲ್ಲದ ದೋಷ ಇದೆಯೆಂಬ ಭ್ರಮೆ ಹುಟ್ಟಬಹುದು. ಆದ್ದರಿಂದ ಆಟದೊಳಗಿನ ಉಳಿತಾಯವನ್ನೇ ಬಳಸಬೇಕೆಂದು ಸೂಚಿಸಲಾಗುತ್ತದೆ.

ಉದಾಹರಣೆ: ಮದರ್ 3

ಶಿಗೆಸಾಟೊ ಇಟೊಯಿ ರಚಿಸಿದ ಮದರ್ 3 ಆಟವು 2006ರ ಏಪ್ರಿಲ್ 20ರಂದು ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕಾಗಿ ಜಪಾನಿನಲ್ಲಿ ಮಾತ್ರ ಪ್ರಕಟವಾಯಿತು. ವೃತ್ತಿಪರ ಅನುವಾದಕ ಕ್ಲೈಡ್ ಮ್ಯಾಂಡೆಲಿನ್ ನೇತೃತ್ವದ ಅಭಿಮಾನಿ ತಂಡವು ಅದರ ಇಂಗ್ಲಿಷ್ ಅನುವಾದವನ್ನು 2008ರ ಅಕ್ಟೋಬರ್ 17ರಂದು ಬಿಡುಗಡೆ ಮಾಡಿತು. ಮೊದಲ ವಾರದಲ್ಲಿಯೇ 1,00,000ಕ್ಕೂ ಹೆಚ್ಚು ಬಾರಿ ಅದನ್ನು ಇಳಿಸಿಕೊಳ್ಳಲಾಯಿತು. ಇಷ್ಟು ಕೈಗಳಿಗೆ ಹೋದದ್ದನ್ನು ಹಿಂದಕ್ಕೆ ಕರೆಯಲಾಗದು, ಹೊಸ ಆವೃತ್ತಿಯನ್ನಷ್ಟೇ ಕೊಡಬಹುದು. ಈ ಅನುವಾದಕ್ಕೂ ಮುಂದೆ ಪರಿಷ್ಕೃತ ಆವೃತ್ತಿಗಳು ಬಂದವು.

ಹಕ್ಕು ಮತ್ತು ಗೋಪ್ಯತೆ

ಮೂಲ ಆಟದ ಹಕ್ಕುಸ್ವಾಮ್ಯ ಪ್ರಕಾಶಕರದ್ದೇ. ಆದ್ದರಿಂದ ಅನೇಕ ತಂಡಗಳು ಪರೀಕ್ಷಕರಿಗೆ ಪ್ಯಾಚ್ ಮಾತ್ರ ನೀಡಿ, ಮೂಲ ಆಟವನ್ನು ಅವರೇ ಹೊಂದಿರಬೇಕೆಂದು ವಿಧಿಸುತ್ತವೆ. ಅಪೂರ್ಣ ಪ್ರತಿ ಹೊರಗೆ ಸೋರಿದರೆ ದೋಷಯುಕ್ತ ಅನುವಾದವೇ ತಂಡದ ಹೆಸರಿನಲ್ಲಿ ವರ್ಷಗಟ್ಟಲೆ ಉಳಿಯಬಹುದು. ತಂಡವನ್ನು ಚಿಕ್ಕದಾಗಿಡುವುದಕ್ಕೂ ಪ್ರತಿ ಕರಡಿಗೆ ಆವೃತ್ತಿ ಸಂಖ್ಯೆ ನೀಡುವುದಕ್ಕೂ ಇದೇ ಕಾರಣ. ಪರೀಕ್ಷಕರಿಗೆ ದೊರೆಯುವ ಪ್ರತಿಫಲವೆಂದರೆ, ಪ್ಯಾಚ್‌ನೊಂದಿಗೆ ಬರುವ ವಿವರಣ ಕಡತದಲ್ಲಿ ಅಚ್ಚಾಗುವ ಅವರ ಹೆಸರು.